ಪಂಚಮಿಯ ನಿಂಬೆಹಣ್ಣು ಹಳ್ಳ ದಾಟಿತೇ?

ನನ್ನನ್ನು ಪಣಕ್ಕಿಟ್ಟಿದ್ದರು.

ಗಾಬರಿಯಾಗಬೇಡಿ. ಇದು ಪುರಾಣದ ಮಾತಲ್ಲ, ಮೊನ್ನೆ ನಾಗರಪಂಚಮಿಯ ಮಾತು. ಪಗಡೆ ಇರಲಿಲ್ಲ, ನಿಂಬೆಹಣ್ಣಿತ್ತು. ಒಂದು ಕಡೆ ನನ್ನ ಗಂಡ, ಇನ್ನೊಂದು ಕಡೆ ನನ್ನ ಅಣ್ಣ, ಎದುರಿಗೆ ನಮ್ಮ ತವರೂರಿನ ಹಳ್ಳ. ಗಂಡ ಒಗೆದ ಹಣ್ಣು ಹಳ್ಳ ದಾಟಿದರೆ ನಾನು ಮೂರನೇ ದಿನ ಗಂಟು ಕಟ್ಟಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಬೇಕು. ಅಣ್ಣನ ಹಣ್ಣು ದಾಟಿದರೆ ಶ್ರಾವಣ ಮುಗಿಯುವವರೆಗೆ ತವರಿನಲ್ಲಿ ಇರಬಹುದು.

ನನಗೆ ಇರಬೇಕಿತ್ತು. ಮುಚ್ಚುಮರೆ ಯಾಕೆ? ಶ್ರಾವಣ ಪೂರ್ತಿ ಇರಬೇಕಿತ್ತು. ಬೆಳಗಾದ ಮೇಲೂ ಒಂದಿಷ್ಟು ಹೊತ್ತು ಕಂಬಳಿ ಹೊದ್ದು ಮಲಗಬೇಕಿತ್ತು. ಅವ್ವ ತಟ್ಟಿದ ರೊಟ್ಟಿಯನ್ನು ಒಲೆಯ ಮುಂದೆಯೇ ಕೂತು, ಬಿಸಿ ಇರುವಾಗಲೇ ತಿನ್ನಬೇಕಿತ್ತು. ಮದುವೆಯಾದ ಮೇಲೆ ಬಿಸಿ ರೊಟ್ಟಿ ತಿಂದ ಹೆಂಗಸು ಯಾರಾದರೂ ಇದ್ದರೆ ನನಗೊಂದು ಕಾರ್ಡು ಬರೆಯಿರಿ, ಬಂದು ಪಾದಕ್ಕೆ ಬೀಳುತ್ತೇನೆ.

ಆದರೆ ಮದುವೆಯಾದಾಗಿನಿಂದ ತವರಿನಲ್ಲಿ ನಾಲ್ಕನೇ ದಿನದ ಬೆಳಗನ್ನು ನಾನು ಕಂಡಿಲ್ಲ. ಕಾರಣ, ನಮ್ಮ ಮಾಸ್ತರರ ಹೊಟ್ಟೆ. (ಹಳೆಯ ಓದುಗರಿಗೆ ಇವರ ಪರಿಚಯವಿದೆ. ಹೊಸಬರಿಗೆ ಹೇಳುತ್ತೇನೆ: ನನ್ನ ಗಂಡ. ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುತ್ತಾರೆ. ಉರಿಯುವುದು ಹೇಗೆಂದು ಗಂಟೆಗಟ್ಟಲೆ ಪಾಠ ಮಾಡುತ್ತಾರೆ, ಸ್ಟೋವ್ ಹಚ್ಚಲು ಬರುವುದಿಲ್ಲ.) ನಾನಿಲ್ಲದಾಗ ಖಾನಾವಳಿಯಲ್ಲಿ ಉಣ್ಣಬೇಕು. ಖಾನಾವಳಿಯ ಊಟ ಅವರಿಗೆ ಆಗಿಬರುವುದಿಲ್ಲ. ಊರೆಲ್ಲ ಉಂಡು ಗಟ್ಟಿಮುಟ್ಟಾಗಿದೆ, ಇವರೊಬ್ಬರಿಗೆ ಆಗಿಬರುವುದಿಲ್ಲ.

ಇನ್ನು ಈ ನಿಂಬೆಹಣ್ಣಿನ ಕಥೆ. ನಮ್ಮ ಕಡೆ ಪಂಚಮಿಯಲ್ಲಿ ಹೆಂಗಸರಿಗೆ ಜೋಕಾಲಿ, ಗಂಡಸರಿಗೆ ನಿಂಬೆಹಣ್ಣು. ಯಾರು ಎಷ್ಟು ದೂರ ಒಗೆಯುತ್ತಾರೆ ಎಂದು ಪಂದ್ಯ. ಇಂಡಿ ತಾಲೂಕಿನಲ್ಲಿರುವ ನನ್ನ ತವರೂರಿನಲ್ಲಿ ಇದಕ್ಕೊಂದು ಕಾಯಂ ರೂಲು ಉಂಟು. ಹಣ್ಣು ಹಳ್ಳ ದಾಟಬೇಕು, ಆಚೆ ದಂಡೆಯ ಎರಡು ಜಾಲಿಗಿಡಗಳ ನಡುವೆಯೇ ಬೀಳಬೇಕು. ಹೋದ ವರ್ಷ ನಮ್ಮ ಮಾಸ್ತರರು ಒಗೆದ ಹಣ್ಣು ನೀರಿನವರೆಗೂ ಹೋಗಲಿಲ್ಲ. ಈಚೆ ದಂಡೆಯಲ್ಲಿ ಮೇಯುತ್ತಿದ್ದ ಆಡಿನ ಮುಂದೆ ಬಿತ್ತು. ಆಡು ಮೂಸಿ ನೋಡಿ ಮುಖ ತಿರುಗಿಸಿತು. ಊರು ನಕ್ಕ ನಗೆ ಇವರ ಕಿವಿಯಲ್ಲಿ ವರ್ಷವಿಡೀ ಉಳಿಯಿತು.

ಅದಕ್ಕೇ ಈ ಸಲ ತಯಾರಿ.

ಕ್ಲಬ್ಬಿನ ರೇಡಿಯೋದಲ್ಲಿ ಟೆಸ್ಟ್ ಮ್ಯಾಚಿನ ಕಾಮೆಂಟರಿ ಕೇಳಿ ಬಂದವರಿಗೆ ಒಂದು ದಿನ ಜ್ಞಾನೋದಯವಾಯಿತು. ನಾನು ಮಜ್ಜಿಗೆ ಕಡೆಯುತ್ತಿದ್ದೆ. ಬಂದವರೇ ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಶಾಂತಾ, ಕಡಗೋಲ ತಿರುಗಿದ್ರ ಮಜ್ಜಿಗಿ ಏನ ಮಾಡತೈತಿ?”

“ಬೆಣ್ಣಿ ಬಿಡತೈತಿ.”

“ಅಲ್ಲ! ಕಡಗೋಲಿನ ಸುತ್ತ ತಾನೂ ತಿರಗತೈತಿ. ಹೌದಲ್ಲ? ಗಾಳಿನೂ ಹಂಗ. ನಿಂಬಿಹಣ್ಣು ತಿರುಗಿಕೋಂತ ಹೊಂಟ್ರ ಮೈಸುತ್ತಲಿನ ಗಾಳಿನೂ ತನ್ನ ಸಂಗಾಟ ತಿರುಗಸ್ತೈತಿ. ಹೋದ ವರ್ಷ ನಾ ಸುಮ್ಮನ ಒಗದೆ. ತಪ್ಪಾದದ್ದು ಅಲ್ಲೇ.”

ಆಮೇಲಿನದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ, ಅವರ ಮಾತಿನಲ್ಲಿ ಹೇಳಿದರೆ ಸಂಪಾದಕರು ಜಾಗ ಕೊಡುವುದಿಲ್ಲ. ಹಣ್ಣು ಬಿಡುವ ಹೊತ್ತಿಗೆ ಬೆರಳಿನಿಂದ ಅದನ್ನು ಹಿಂದಕ್ಕೆ ತಿರುವಬೇಕು. ಆಗ ಹಣ್ಣಿನ ನೆತ್ತಿ ಹಿಂದಕ್ಕೆ ಓಡುತ್ತದೆ, ಎದುರಿನ ಗಾಳಿಯನ್ನು ತಲೆಯ ಮೇಲಿಂದ ಸರಸರನೆ ಹಿಂದಕ್ಕೆ ಸಾಗಹಾಕುತ್ತದೆ. ಹಣ್ಣಿನ ಹೊಟ್ಟೆ ಮಾತ್ರ ಮುಂದಕ್ಕೆ ಓಡಿ ಅದೇ ಗಾಳಿಗೆ ಅಡ್ಡ ಬರುತ್ತದೆ. ಹಿಂದೆ ಹೋದ ಗಾಳಿ ಕೆಳಕ್ಕೆ ಬಾಗುತ್ತದೆ, ಹಣ್ಣು ಮೇಲಕ್ಕೆ ಏಳುತ್ತದೆ. ಸುಮ್ಮನೆ ಒಗೆದ ಹಣ್ಣು ಬೀಳುವ ಕಡೆ ಇದು ಬೀಳದೆ ಇನ್ನಷ್ಟು ದೂರ ತೇಲಿ ಹೋಗುತ್ತದೆ. ಮಗ್ಗುಲಿಗೆ ತಿರುವಿದರೋ, ಆಗ ಹಣ್ಣು ಮಗ್ಗುಲಿಗೇ ಬಾಗುತ್ತದೆ. ಇಷ್ಟೇ ಸೈನ್ಸು.

ಇಷ್ಟಕ್ಕೆ ನಮ್ಮ ಹಿತ್ತಲು ಎಷ್ಟು ಹಣ್ಣು ತಿಂದಿತೋ ಶಿವನೇ ಬಲ್ಲ. ಬೆರಳಿಗೆ ಶಾಲೆಯ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಬಳಿದುಕೊಂಡು ದಿನಾ ಸಂಜೆ ಗೋಡೆಗೆ ಒಗೆದದ್ದೇ ಒಗೆದದ್ದು. ಜಜ್ಜಿದ ಹಣ್ಣನ್ನೆಲ್ಲ ನಾನು ಉಪ್ಪಿನಕಾಯಿ ಹಾಕಿದೆ. ಭರಣಿ ತುಂಬಿತು, ಇನ್ನೊಂದು ಭರಣಿ ತುಂಬಿತು, ಪಕ್ಕದ ಮನೆಯ ಭರಣಿಯೂ ತುಂಬಿತು.

“ಮಾಸ್ತರ್ರು ಉಪ್ಪಿನಕಾಯಿ ಅಂಗಡಿ ತಗೀತಾರೇನ್ರಿ ಅಕ್ಕಾರ?” ಎಂದು ಪಕ್ಕದ ಮನೆಯಾಕೆ ಕೇಳಿದಳು. ನಾನೇನು ಹೇಳಲಿ?

ಆದರೂ ಒಂದು ಮಾತು. ಮಾಸ್ತರರು ಇದನ್ನು ಹೊಸದಾಗಿ ಕಂಡುಹಿಡಿದವರ ಹಾಗೆ ಕುಣಿದಾಗ ನನಗೆ ನಗು ಬಂತು. ತಿರುವಿ ಒಗೆಯುವುದು ನಮ್ಮ ಮನೆಗಳಲ್ಲಿ ಹೊಸದೇ? ನಮ್ಮಲ್ಲಿ ಯಾರು ತಾನೇ ಮಾತನ್ನು ನೇರ ಒಗೆಯುತ್ತಾರೆ?

ನಾನು ತವರಿಗೆ ಹೊರಟಾಗಲೆಲ್ಲ ಇವರು ಹೇಳುವುದನ್ನು ಕೇಳಿ: “ಆರಾಮ ಇದ್ದು ಬಾ. ನನ್ನ ಚಿಂತಿ ಬ್ಯಾಡ. ಖಾನಾವಳಿ ಐತಿ. ಹೋದ ಸಲ ಹೊಟ್ಟಿ ಕೆಟ್ಟಿತ್ತು. ಇರಲಿ ಬಿಡು.” ನೋಡಿದಿರಾ? ಮಾತು ಕೈ ಬಿಡುವಾಗ ನೇರವಾಗೇ ಇರುತ್ತದೆ. ಅರ್ಧ ದಾರಿಯಲ್ಲಿ ಬಾಗುತ್ತದೆ. ಬಂದು ಬೀಳುವುದು ನನ್ನ ಎದೆಯ ಮೇಲೆ.

ಅವ್ವ ಏನು ಕಡಿಮೆ? “ನೀ ಈಗ ಅವರ ಮನಿ ಮಗಳವ್ವಾ. ಇರು ಅನ್ನಾಕ ನಾ ಯಾರು?” ಅನ್ನುತ್ತಾಳೆ. ಅನ್ನುತ್ತಲೇ ನಾನು ಊರಿಗೆ ಉಟ್ಟು ಹೋಗುವ ಸೀರೆಯನ್ನು ಮಡಿಸಿ, ಬೇಗ ಸಿಗದಿರಲೆಂದು ತನ್ನ ಪೆಟ್ಟಿಗೆಯ ತಳಕ್ಕೆ ಇಡುತ್ತಾಳೆ.

ಇನ್ನು ನಾನು. ನನ್ನದು ಒಂದೇ ಮಾತು: “ನಿಮ್ಮಿಚ್ಛಾ.” ಹೆಂಡತಿಯ ಬಾಯಿಂದ ಬರುವ ಈ ಮಾತಿಗಿರುವಷ್ಟು ತಿರುವು ಜಗತ್ತಿನ ಯಾವ ಸ್ಪಿನ್ ಬೌಲರನ ಕೈಯಲ್ಲೂ ಇರಲಿಕ್ಕಿಲ್ಲ. ಹೌದೇ ಅಲ್ಲವೇ ಹೇಳಿ.

ಇರಲಿ. ಪಂಚಮಿಯ ಹಿಂದಿನ ದಿನ ಹೊರಟೆವು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಇವರು ನನ್ನ ಪೆಟ್ಟಿಗೆಯನ್ನು ಹಮಾಲನ ಕೈಗೆ ಕೊಟ್ಟರು. ನಿಂಬೆಹಣ್ಣಿನ ಚೀಲವನ್ನು ಮಾತ್ರ ತಾವೇ ಎದೆಗವಚಿಕೊಂಡು ಕೂತರು. ನಿಂಬೆಹಣ್ಣಿಗೇ ಹೆಸರಾದ ಇಂಡಿಯ ಕಡೆಗೆ ನಿಂಬೆಹಣ್ಣು ಹೊತ್ತೊಯ್ಯುವ ಮನುಷ್ಯನನ್ನು ಕಂಡಕ್ಟರನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ.

ಅಂದು ಊಟಕ್ಕೆ ಕೂತಾಗ ಮಲ್ಲಪ್ಪಣ್ಣ (ನನ್ನ ಅಣ್ಣ, ತೋಟಗಾರ, ಮೀಸೆಗಾರ) ಮಾತು ತೆಗೆದ.

“ಮಾಸ್ತರ್ರ, ಈ ಸಲ ನಮ್ಮ ತಂಗಿ ಶ್ರಾವಣ ಮುಗಿಸೇ ಬರೂದು.”

“ಆಗೂದಿಲ್ರಿ ಮಲ್ಲಪ್ಪಣ್ಣಾರ. ಮನಿ ನಡೀಬೇಕಲ್ರಿ.”

“ಮನಿ ಎಲ್ಲಿ ಓಡಿ ಹೊಕ್ಕೈತ್ರಿ? ಕೀಲಿ ಹಾಕೇರಿಲ್ಲ?”

“ನನ್ನ ಹೊಟ್ಟಿಗೆ ಕೀಲಿ ಹಾಕಾಕ ಬರೂದಿಲ್ರಿ.”

ಇಬ್ಬರೂ ನಕ್ಕರು. ಆದರೆ ಇಬ್ಬರೂ ಬಿಡುವವರಲ್ಲ. ಕೊನೆಗೆ ಅಣ್ಣ ಮೀಸೆ ತಿರುವಿದ. “ಹಂಗಾರ ಹಳ್ಳಕ್ಕ ಕೇಳೂಣಲ್ಲ?” ಅಂದ. ಇವರು ಕಾದೇ ಇದ್ದರು. “ಕೇಳೂಣ್ರಿ!” ಅಂದರು. ನಾನು ಬಡಿಸುತ್ತಿದ್ದೆ. ಸಾರು ಬೇಕೇ ಎಂದು ಕೇಳಿದೆ.

ಪಂಚಮಿ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ. ನಾಗಪ್ಪನ ಪುಣ್ಯದಿಂದ ಹೆಂಗಸರಿಗೆ ವರ್ಷಕ್ಕೊಮ್ಮೆ ಕೈ ಖಾಲಿ. ಬೆಳಿಗ್ಗೆ ಹುತ್ತಕ್ಕೆ ಹಾಲೆರೆಯಲು ಹೋದೆವು. ನಮ್ಮೂರ ಪದ್ಧತಿ ಏನೆಂದರೆ, ಪಂದ್ಯದ ಹಣ್ಣನ್ನೆಲ್ಲ (ಇವರ ಚೀಲದ್ದೂ ಸೇರಿ) ಒಂದೇ ಬುಟ್ಟಿಗೆ ಹಾಕಿ ಹುತ್ತದ ಮುಂದಿಟ್ಟು ಅದರ ಮೇಲೂ ಬೆಲ್ಲದ ಹಾಲು ಹನಿಸಬೇಕು. ಅವ್ವ ಹನಿಸಲಿಲ್ಲ, ಸುರಿದಳು. ಅಳಿಯನೂ ಗೆಲ್ಲಲಿ, ಮಗನೂ ಗೆಲ್ಲಲಿ ಎಂದು ಗಿಂಡಿಯೇ ಬರಿದು ಮಾಡಿದಳು. ಹಣ್ಣೆಲ್ಲ ಅಂಟು ಅಂಟು. ಮಾಸ್ತರರ ಮುಖ ನೋಡಬೇಕಿತ್ತು. ಒಣ ಹಣ್ಣು, ಒಣ ಬೆರಳು, ಖಡುವಿನ ಪುಡಿ, ಹಿತ್ತಲಿನ ತಾಲೀಮೆಲ್ಲ ಅದರ ಮೇಲೆ ನಿಂತಿತ್ತು. ಮೆಲ್ಲಗೆ ಕರವಸ್ತ್ರ ತೆಗೆದರು.

“ದೇವರ ಹಾಲು ಒರಸ್ತಾರೇನ್ರಿ ಅಳಿಯಂದ್ರ?” ಎಂದಳು ಅವ್ವ.

ಕರವಸ್ತ್ರ ಜೇಬಿಗೆ ಹೋಯಿತು. ಸೈನ್ಸಿಗಿಂತ ಅತ್ತೆ ದೊಡ್ಡವಳು.

ಮಧ್ಯಾಹ್ನ ಊರೇ ಹಳ್ಳದ ದಂಡೆಗೆ ಬಂತು. ಪಂಚರು ಮೌಲಾಸಾಬ ಕಾಕಾ. ನಮ್ಮೂರ ಯಾವ ಪಂದ್ಯಕ್ಕೂ ಅವರೇ ಪಂಚರು, ಅವರ ಮಾತಿಗೆ ಅಪೀಲಿಲ್ಲ. ನಾವು ಹೆಂಗಸರು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಹತ್ತಿರ ನಿಂತೆವು. ಎಲ್ಲರ ಕೈಯಲ್ಲಿ ಹುರಿದ ಜೋಳದ ಅಳ್ಳು, ಎಳ್ಳಿನ ಉಂಡಿ. ನಾನು ನನ್ನ ಉಂಡಿಯನ್ನು ಸೆರಗಿಗೆ ಕಟ್ಟಿದೆ. ಇವರ ಹಣ್ಣು ದಾಟಬಾರದು ಎಂದು ನಾಗಪ್ಪನಿಗೆ ಕೈ ಮುಗಿದೆ. ಮರುಕ್ಷಣ, ಹೋದ ವರ್ಷದ ಹಾಗೆ ಜನ ನಗಬಾರದು ಎಂದು ಇನ್ನೊಮ್ಮೆ ಮುಗಿದೆ. ದೇವರಿಗೂ ಕಷ್ಟವೇ. ಏನಂದರೂ ಗಂಡನಲ್ಲವೇ? ಅವರು ಅಂಗಿಯ ತೋಳು ಮಡಿಸಿ ಮುಂದೆ ಬಂದಾಗ ಜೋಕಾಲಿಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲು ಮಾಸ್ತರರು. ಜೇಬಿನಿಂದ ಖಡು ತೆಗೆದು ಬೆರಳಿಗೆ ಒರೆಸಿಕೊಂಡರು. ಬೆಲ್ಲದ ಹಾಲಿಗೆ ಖಡುವಿನ ಪುಡಿ ಸೇರಿ ಬೆರಳು ಇನ್ನಷ್ಟು ಅಂಟಾಯಿತು. ಓಡಿ ಬಂದು ಒಗೆದರು. ಹಣ್ಣು ಬೆರಳನ್ನು ಬಿಡಲಾರದೆ ಬಿಟ್ಟು, ಹಿತ್ತಲಲ್ಲಿ ಎಂದೂ ತಿರುಗದಷ್ಟು ಜೋರಾಗಿ ಹಿಂದಕ್ಕೆ ತಿರುಗುತ್ತ ಹೋಯಿತು. ಏನು ಚೆಂದ ಅಂತೀರಿ! ಗೆರೆ ಎಳೆದ ಹಾಗೆ ನೇರ. ಏರಿತು, ಏರಿತು, ಇನ್ನೂ ಏರಿತು. ಜನ ಬಾಯಿ ತೆರೆದು ನೋಡಿದರು.

ಆದರೆ ಎದುರಿಗೆ ಶ್ರಾವಣದ ಗಾಳಿ. ಮುದ್ದೇಬಿಹಾಳದ ನಮ್ಮ ಹಿತ್ತಲಿಗೆ ನಾಲ್ಕೂ ಕಡೆ ಆಳೆತ್ತರದ ಗೋಡೆ, ಅಲ್ಲಿ ಎಲೆ ಅಲ್ಲಾಡುವುದಿಲ್ಲ. ಇಲ್ಲಿ ಸೀರೆಯ ಸೆರಗು ನಿಲ್ಲುವುದಿಲ್ಲ. ಎದುರುಗಾಳಿ ಜೋರಾದಷ್ಟೂ ತಿರುಗುವ ಹಣ್ಣು ಮೇಲೇಳುವುದು ಹೆಚ್ಚು, ಮುಂದೆ ಹೋಗುವುದು ಕಡಿಮೆಯಂತೆ. (ಇದನ್ನು ಅವರೇ ಆಮೇಲೆ ವಿವರಿಸಿದರು. ಮೊದಲೇ ನೆನಪಾಗಬಾರದಿತ್ತೇ?) ಹಣ್ಣು ಹಳ್ಳದ ನಡುವೆ ಆಕಾಶದಲ್ಲಿ ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ನೆಟ್ಟಗೆ ಇಳಿದು ರಾಡಿ ನೀರಿನಲ್ಲಿ ಗುಳುಂ ಅಂದಿತು.

ಅಣ್ಣ ಗಹಗಹಿಸಿ ನಕ್ಕ. ಅವನದು ತೋಳಿನ ಬಲ, ಸೈನ್ಸಿನ ಗೊಡವೆ ಇಲ್ಲ. “ಜೈ ಬಸವಣ್ಣ!” ಎಂದು ಒಗೆದ. ಅವನ ಹಣ್ಣೂ ಅಂಟು. ಬಿಡುವಾಗ ಬೆರಳಿನ ಮಗ್ಗುಲಿಗೆ ಅಂಟಿ ಅಡ್ಡಡ್ಡ ತಿರುಗಿತು. ಹಳ್ಳವನ್ನೇನೋ ದಾಟಿತು. ಆದರೆ ಜಾಲಿಗಿಡಗಳ ನಡುವೆ ಹೋಗಬೇಕಾದದ್ದು ಬಲಕ್ಕೆ ಬಾಗಿತು, ಇನ್ನಷ್ಟು ಬಾಗಿತು, ಗಿಡಗಳಿಗೆ ಒಂದು ಸುತ್ತು ಹಾಕಿಕೊಂಡು ಹೋಗಿ ಯಾರದೋ ಸಜ್ಜೆಯ ಹೊಲದಲ್ಲಿ ಬಿತ್ತು.

“ದಾಟ್ಯದ! ನಾ ಗೆದ್ದೆ!” ಎಂದ ಅಣ್ಣ.

“ಗಿಡದ ನಡುವ ಎಲ್ಲಿ ಬಿತ್ರಿ?” ಎಂದರು ಇವರು.

ಮೌಲಾಸಾಬ ಕಾಕಾ ಗಡ್ಡ ನೀವಿಕೊಂಡರು. “ಮಾಸ್ತರ್ರದು ನೆಟ್ಟಗ ಹೋತು, ದಾಟಲಿಲ್ಲ. ಮಲ್ಲಪ್ಪಂದು ದಾಟ್ತು, ನೆಟ್ಟಗ ಹೋಗಲಿಲ್ಲ. ಇಬ್ರೂ ಅರ್ಧರ್ಧ ಗೆದ್ದೀರಿ. ಆದ್ರ ಹುಡಿಗಿನ್ನ ಅರ್ಧರ್ಧ ಮಾಡಾಕ ಬರೂದಿಲ್ಲ. ಮತ್ತ ಒಗೀರಿ.”

ಮತ್ತೆ ಒಗೆದರು. ಮತ್ತೆ ಅದೇ ಕಥೆ. ಇವರದು ಏರುತ್ತದೆ, ಬೀಳುತ್ತದೆ. ಅವನದು ದಾಟುತ್ತದೆ, ಬಾಗುತ್ತದೆ. ಬುಟ್ಟಿ ತಳ ಕಂಡಿತು. ಜನರಿಗೆ ಬೇಸರ ಬಂದು ಜೋಕಾಲಿಯ ಕಡೆ ತಿರುಗಿದರು. ಕೊನೆಯ ಹಣ್ಣಿಗೆ ಮಾಸ್ತರರು ಇದ್ದಬದ್ದ ಶಕ್ತಿಯೆಲ್ಲ ಹಾಕಿದರು. ಹಣ್ಣು ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ, ಏಕೆಂದರೆ “ಅಯ್ಯಯ್ಯೋ ಯವ್ವಾ!” ಎಂದು ಇವರು ಹೆಗಲು ಹಿಡಿದುಕೊಂಡು ಕೂತುಬಿಟ್ಟಿದ್ದರು. ತೋಳು ಮೇಲೇಳಲೊಲ್ಲದು.

ಕಾಕಾ ತೀರ್ಪು ಕೊಟ್ಟರು: ಮಾಸ್ತರರ ತೋಳು ನೆಟ್ಟಗಾದ ಮೇಲೆ ಮತ್ತೆ ಪಂದ್ಯ. ಅಲ್ಲಿಯವರೆಗೆ ಯಾರೂ ಊರು ಬಿಡುವ ಹಾಗಿಲ್ಲ. ಶಾಲೆಗೆ ರಜೆಯ ಅರ್ಜಿ ಹೋಯಿತು.

ನನಗೆ ಒಳಗೊಳಗೇ ಖುಷಿ. ಇವರ ತೋಳು ನೋಯುತ್ತಿದೆ ಎಂದು ಮರುಕವೂ ಬಂತು, ಖುಷಿಯೂ ಆಯಿತು. ನಾಲ್ಕನೇ ದಿನದ ಬೆಳಗನ್ನು ಕೊನೆಗೂ ಕಾಣುತ್ತೇನಲ್ಲ!

ಕಂಡೆ. ಯಾವಾಗ ಗೊತ್ತೇ? ಕೋಳಿ ಕೂಗುವ ಮುಂಚೆ. ಅಳಿಯಂದಿರಿಗೆ ಉಪ್ಪಿನ ಶಾಖ ಕೊಡಬೇಕು, ಏಳವ್ವಾ ಎಂದು ಅವ್ವ ಎಬ್ಬಿಸಿದಳು. ಶಾಖವಾಯಿತು, ಬಿಸಿನೀರಾಯಿತು. ಬಲಗೈ ಬಾರದ ಮನುಷ್ಯನಿಗೆ ಅಂಗಿ ತೊಡಿಸಬೇಕು, ತಲೆ ಬಾಚಬೇಕು, ರೊಟ್ಟಿ ಮುರಿದು ಕೊಡಬೇಕು. ಅಳಿಯ ಮನೆಯಲ್ಲಿದ್ದಾನೆಂದರೆ ಬರೀ ರೊಟ್ಟಿ ಪಲ್ಯ ಸಾಲುತ್ತದೆಯೇ? ಇವತ್ತು ಹೋಳಿಗೆ, ನಾಳೆ ಕಡಬು. ಅವ್ವ ಹೂರಣ ರುಬ್ಬಿದರೆ ನಾನು ಕಣಕ ನಾದಬೇಕು. ರೊಟ್ಟಿ ಬಿಸಿ ಇರುವಾಗ ಪಡಸಾಲೆಗೆ ಹೋಗುತ್ತಿತ್ತು, ನನ್ನ ಪಾಲಿಗೆ ಬರುವ ಹೊತ್ತಿಗೆ ತಣ್ಣಗೆ. ಗೆಳತಿಯರು ಜೋಕಾಲಿಗೆ ಕರೆಯಲು ಬಂದರೆ “ಹೋಗಿ ಬಾ” ಅನ್ನುತ್ತಿದ್ದರು ಇವರು, ಎಡಗೈಯಲ್ಲಿ ಚಹದ ಕಪ್ಪು ಎತ್ತಲು ಒದ್ದಾಡುತ್ತ. ಹೋಗುವುದು ಹೇಗೆ?

ಈ ನಡುವೆ ಹಳ್ಳದ ದಂಡೆಯ ಶತ್ರುಗಳಿಬ್ಬರೂ ಗಳಸ್ಯ ಕಂಠಸ್ಯ. ಇಡೀ ದಿನ ಪಡಸಾಲೆಯಲ್ಲಿ ನಿಂಬೆಹಣ್ಣಿನ ಮೇಲೆ ಚರ್ಚೆ. ಮಾಸ್ತರರು ಎಡಗೈಯಿಂದ ಹಣ್ಣು ತಿರುವಿ ತೋರಿಸುವುದು, ಅಣ್ಣ ತಲೆಯಾಡಿಸುವುದು. ಅಣ್ಣ ಮಾರಿನ ಲೆಕ್ಕ ಹೇಳಿದರೆ ಇವರು ಅದನ್ನು ಹೊಸ ಮೀಟರಿಗೆ ಬದಲಿಸುವುದು. ತಲೆಗೊಂದು ಕಪ್ಪು ಚಹ, ಮತ್ತೆ ಒಂದು ಕಪ್ಪು. ಚಹ ಮಾಡುವವರು ಯಾರು?

ಹೋದ ವಾರ ತೋಳು ಏಳತೊಡಗಿತು. ಒಳಗಿನಿಂದ ಕೇಳಿಸಿಕೊಂಡೆ.

“ನಾಳಿ ಒಗೆಯೂಣ್ರಿ? ಈ ಸಲ ಗಾಳಿ ಬಿದ್ದ ಹೊತ್ತು ನೋಡಿ,” ಎಂದರು ಇವರು.

“ನಾಳಿನ ಆಗಲ್ರಿ. ಶಾಂತವ್ವಾ, ಎರಡ ಕಪ್ ಚಾ ತಾ,” ಎಂದ ಅಣ್ಣ.

ಯಾವುದಕ್ಕೂ ಒಂದು ಮಿತಿ ಇರುತ್ತದೆ. ನಾನು ಚಹ ತರಲಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದೆ.

“ನಾಳಿ ಯಾರೂ ಏನೂ ಒಗೆಯೂದ ಬ್ಯಾಡ,” ಎಂದೆ. “ನಾ ಶ್ರಾವಣ ಮುಗಿಯೂತನಾ ಇಲ್ಲೇ ಇರ್ತೇನಿ. ನೀವು ನಾಳಿ ಬಸ್ಸಿಗೆ ಊರಿಗೆ ಹೋಗ್ರಿ. ನೀವು ಇಲ್ಲಿದ್ರ ಇದು ನನ್ನ ತವರಮನಿ ಆಗೂದಿಲ್ಲ. ಮುದ್ದೇಬಿಹಾಳದ ಅಡಗಿಮನಿನ ಆಗತೈತಿ.”

ಅಡುಗೆಮನೆಯಲ್ಲಿ ಅವ್ವನ ಸೌಟು ನಿಂತಿತು. ಅಣ್ಣ ಮೀಸೆಯ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಇಷ್ಟು ವರ್ಷದಲ್ಲಿ ಇವರ ಮುಂದೆ ನಾನು ಯಾವ ಮಾತನ್ನೂ ಹೀಗೆ ನೆಟ್ಟಗೆ ಆಡಿರಲಿಲ್ಲ. ಅದೂ ಅಣ್ಣನ ಎದುರಿಗೆ, ಅವ್ವನ ಕಿವಿಗೆ ಬೀಳುವ ಹಾಗೆ. ಗಂಡನನ್ನು ತವರಿನಿಂದ ಎಬ್ಬಿಸಿ ಕಳಿಸಿದಳು ಎಂದು ನಾಳೆ ಊರು ಆಡಿಕೊಂಡರೆ?

ಮಾಸ್ತರರು ನನ್ನನ್ನು ನೋಡಿದರು. ನನ್ನ ಕೈಯ ಹಿಟ್ಟನ್ನು ನೋಡಿದರು. ಪಿಟಿಪಿಟಿ ಕಣ್ಣು ಬಿಟ್ಟರು.

“ಹೌದಲ್ಲ,” ಎಂದರು ಮೆಲ್ಲಗೆ. “ನಾ ಇಲ್ಲೇ ಕುಂತ್ರ ನಿನಗ ತವರಮನಿ ಎಲ್ಲಿಂದ ಬರಬೇಕು? ನೀ ಇರು. ನಾ ನಾಳಿ ಹೊಕ್ಕೇನಿ. ಖಾನಾವಳಿ ಐತಿ.”

ನಾನು ಕಾದೆ. ಮಾತು ಈಗ ಬಾಗುತ್ತದೆ, ಈಗ ಹೊಟ್ಟೆಯ ಕಡೆ ತಿರುಗುತ್ತದೆ ಎಂದು ಕಾದೆ. ಬಾಗಲಿಲ್ಲ. ಅಷ್ಟಕ್ಕೇ ನಿಂತಿತು. ನನಗೆ ಅಳು ಬಂದುಬಿಟ್ಟಿತು. ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ಅಣ್ಣ ನಕ್ಕ. ಆಮೇಲೆ ತಾನೇ ಎದ್ದು ಚಹ ಮಾಡುತ್ತೇನೆಂದು ಅಡುಗೆಮನೆಗೆ ಹೋದ. (ಹಾಲು ಉಕ್ಕಿಸಿದ. ಅದು ಬೇರೆ ಮಾತು.)

ಮರುದಿನ ಬಸ್ಸು ಹತ್ತುವಾಗ ಮಾಸ್ತರರು ಕಿಟಕಿಯಿಂದ ತಲೆ ಹೊರಹಾಕಿ, ನಿಜವಾದ ಆಶ್ಚರ್ಯದಿಂದ ಕೇಳಿದರು: “ಅಲ್ಲಾ ಶಾಂತಾ, ಇಷ್ಟ ಇದ್ರ ನೀ ಮೊದಲ ಹೇಳಬೇಕಿಲ್ಲ? ನನ್ನ ತೋಳರ ಉಳೀತಿತ್ತು!”

ಬಸ್ಸು ಹೊರಟಿತು. ನನ್ನ ಉತ್ತರಕ್ಕೆ ಅದು ಕಾಯಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಗಂಡಸಿದ್ದರೆ ಓದಿ ಹೇಳಿ.

ಹೆಂಡತಿಯನ್ನು “ನಿನಗೇನು ಬೇಕು?” ಎಂದು ಒಂದು ಮಾತು ಕೇಳುವುದಕ್ಕಿಂತ, ಹೆಗಲು ಕಿತ್ತುಹೋಗುವ ಹಾಗೆ ನಿಂಬೆಹಣ್ಣು ಒಗೆಯುವುದೇ ನಿಮಗೆ ಸುಲಭವೇನ್ರೀ?